ಅಡುಗೆಮನೆಯ ನಳ್ಳಿಗೆ ನೀರು ಬರುವ ದಾರಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ನಮ್ಮೂರಿನ ವಾಚನಾಲಯದ ಜಗಲಿಯಲ್ಲಿ ಒಂದು ಭಾನುವಾರ ಆಡಿದ ಮಾತುಗಳು ಇವು. ಬಂದವರಲ್ಲಿ ಕೆಲವರು ಬರೆದು ಕೊಡಿ ಎಂದು ಕೇಳಿದರು. ಆಡಿದ ಹಾಗೆಯೇ ಬರೆಯಲು ನೋಡಿದ್ದೇನೆ. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಕಬ್ಬಿಣದ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ಒಂದು ಗೇಣು ಉದ್ದದ ಜಿಐ ಪೈಪು, ಅಂದರೆ ಸತುವಿನ ಲೇಪ ಹಚ್ಚಿದ ಕಬ್ಬಿಣದ ಪೈಪು. ಮುಕ್ಕಾಲು ಇಂಚಿನದು. ಹೊರಗಿನಿಂದ ನೋಡಿದರೆ ಇನ್ನೂ ಗಟ್ಟಿ. ಈಗ ಒಳಗೆ ನೋಡಿ. ಒಂದು ಪೆನ್ಸಿಲ್ ತೂರಿಸಿ, ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಸುತ್ತಲೂ ಗಂಟುಗಂಟಾಗಿ ತುಕ್ಕು ಬೆಳೆದಿದೆ. ಕೆಲವು ಕಡೆ ಕಪ್ಪು, ಕೆಲವು ಕಡೆ ಇಟ್ಟಿಗೆಯ ಬಣ್ಣ. ಉಗುರಿನಿಂದ ಕೆರೆದರೆ ಅರಿಶಿನ ಪುಡಿಯ ಹಾಗೆ ಉದುರುತ್ತದೆ. ಸುಮಾರು 30 ವರ್ಷ ನಮ್ಮ ಮನೆಯವರೆಲ್ಲ ಕುಡಿದ ನೀರು ಇದರೊಳಗಿಂದಲೇ ಬಂದದ್ದು.

ನಮಗೆ ಸಂಶಯ ಬಂದದ್ದು ಚಹಾದಿಂದ. ಬೆಳಿಗ್ಗೆ ಮೊದಲು ಮಾಡಿದ ಚಹಾ ಕಪ್ಪಾಗುತ್ತಿತ್ತು. ಹತ್ತು ಗಂಟೆಗೆ ಮಾಡಿದ್ದು ಸರಿಯಾಗಿರುತ್ತಿತ್ತು. ಚಹಾಪುಡಿ ಬದಲಿಸಿದೆವು. ಪಾತ್ರೆ ಬದಲಿಸಿದೆವು. ನಮ್ಮ ಕುಡಿಯುವ ನೀರು ಬರುವುದು ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ. ಆ ಸುರಂಗದ ನೀರೇ ಕೆಟ್ಟಿತು ಎಂದು ಯಾರೋ ಹೇಳಿದರು. ನಾನು ಒಂದು ದಿನ ಸುರಂಗದ ಬಾಯಿಯಿಂದಲೇ ಒಂದು ತಂಬಿಗೆ ನೀರು ಹಿಡಿದು ತಂದು ಚಹಾ ಮಾಡಿದೆ. ಬಣ್ಣ ಸರಿಯಾಗಿ ಬಂತು. ಅಂದರೆ ಗುಡ್ಡೆಯಿಂದ ಹೊರಡುವಾಗ ಚೆನ್ನಾಗಿದ್ದ ನೀರು ನಮ್ಮ ಅಡುಗೆಮನೆಗೆ ಬರುವಷ್ಟರಲ್ಲಿ ಹಾಳಾಗುತ್ತಿತ್ತು. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿಗೆ ಕಬ್ಬಿಣ ಸೇರುತ್ತದೆ. ಕಬ್ಬಿಣವೂ ಚಹಾದ ಒಗರೂ ಸೇರಿದರೆ ಕಪ್ಪು ಬರುತ್ತದೆ, ಅಷ್ಟೇ.

ಆಮೇಲೆ ನೀರನ್ನು ಲ್ಯಾಬಿಗೆ ಕೊಟ್ಟೆವು. ಪಿಎಚ್ 5.6 ಎಂದು ಬಂತು. ಪಿಎಚ್ ಎಂದರೆ ನೀರಿನ ಹುಳಿಯ ಅಳತೆ, ಏಳಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗಳ ನೀರು ಸಾಮಾನ್ಯವಾಗಿ ಹೀಗೆಯೇ ಒಂಚೂರು ಹುಳಿಯ ಕಡೆಗೆ ವಾಲಿರುತ್ತದೆ. ಮಳೆಯ ನೀರು ಮುರಕಲ್ಲಿನೊಳಗೆ ಇಳಿಯುವಾಗ ಆ ಹುಳಿಯನ್ನು ಕಳೆಯುವ ಸುಣ್ಣದ ಅಂಶ ಅದಕ್ಕೆ ಸಿಗುವುದಿಲ್ಲ. ನಾಲಿಗೆಗೆ ಇದು ಗೊತ್ತಾಗುವುದಿಲ್ಲ. ಕುಡಿಯಲು ಸಿಹಿಯಾಗಿಯೇ ಇರುತ್ತದೆ, ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೆ ಪೈಪಿಗೆ ಗೊತ್ತಾಗುತ್ತದೆ. ಮೊದಲು ಜಿಐ ಪೈಪಿನ ಸತುವಿನ ಲೇಪವನ್ನು ತಿನ್ನುತ್ತದೆ, ಆಮೇಲೆ ಕಬ್ಬಿಣವನ್ನು. ಹಾಗಾಗಿ ಕಾಸರಗೋಡಿನ ಗುಡ್ಡೆ ಕಡೆಯ ಮನೆಗೆ ಹೊಸದಾಗಿ ಜಿಐ ಪೈಪು ಹಾಕಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೇರೆ ಊರಿನಲ್ಲಿ ಅದು ಒಳ್ಳೆಯ ಪೈಪು ಇರಬಹುದು. ನಮ್ಮ ನೀರಿಗೆ ಆಗುವುದಿಲ್ಲ.

ನಾನು ಪ್ಲಂಬರ್ ಅಲ್ಲ. ಕನ್ನಡ ಮಾಧ್ಯಮದ ಶಾಲೆಯಲ್ಲಿ 28 ವರ್ಷ ಗಣಿತ ಕಲಿಸಿದವಳು. ನಮ್ಮ ಕಡೆ ಸಣ್ಣ ಕೆಲಸಕ್ಕೆ ಜನ ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ವಾ. ನಾಲ್ಕು ತಿಂಗಳು ಕಾದೆವು. ಆಮೇಲೆ ನಾನು, ನನ್ನ ಗಂಡ, ಪಕ್ಕದ ಮನೆಯ ಐಟಿಐ ಓದುವ ಹುಡುಗ, ಮೂವರೇ ಸೇರಿ ಮಾಡಿದೆವು. ಇನ್ನೊಂದು ಮಾತು ಹೇಳಲೇಬೇಕು. ನಾನು ನೋಡಿದ ಪೈಪಿನ ಕ್ಯಾಟಲಾಗಿನಲ್ಲಾಗಲಿ, ಅಂಟಿನ ಡಬ್ಬಿಯ ಮೇಲಾಗಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಡಬ್ಬಿಯ ಮೇಲೆ ಇಂಗ್ಲಿಷು. ಕನ್ನಡ ಮಾತ್ರ ಓದುವ ನಮ್ಮ ಹಿರಿಯರು ಇದನ್ನು ಹೇಗೆ ತಿಳಿದುಕೊಳ್ಳಬೇಕು? ಇವತ್ತು ನಾನು ಇಲ್ಲಿ ನಿಂತದ್ದಕ್ಕೆ ಅದೂ ಒಂದು ಕಾರಣ.

ನನಗೆ ಹೇಳಲಿಕ್ಕಿರುವುದು ಒಂದೇ. ಪೈಪು ಅಂಟಿಸುವುದು ಎರಡು ದಿನದ ಕೆಲಸ. ನೀರಿನ ದಾರಿಯನ್ನು ಕಾಗದದ ಮೇಲೆ ಬರೆಯುವುದು ಎರಡು ವಾರದ ಕೆಲಸ. ಜನ ಅವಸರ ಮಾಡುವುದು ಈ ಎರಡನೆಯದರಲ್ಲೇ.

ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಪೈಪು ಅಲ್ಲ, ಲೆಕ್ಕ. ಜಲಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಹಳ್ಳಿಯ ಮನೆಗೆ ದಿನಕ್ಕೆ ತಲೆಗೆ 55 ಲೀಟರ್ ಎಂದು ಇಟ್ಟರು. ನಾವು ಐದು ಜನ, ಅಂದರೆ 275 ಲೀಟರ್. ಸ್ನಾನ, ಬಟ್ಟೆ, ಪಾತ್ರೆ, ಕಕ್ಕಸು ಎಲ್ಲ ಅದರಲ್ಲಿ ಬಂತು. ಅದರಲ್ಲಿ ಹೊಟ್ಟೆಗೆ ಹೋಗುವ ನೀರು ಎಷ್ಟು? ಕುಡಿಯಲು, ಅನ್ನಕ್ಕೆ, ಸಾರಿಗೆ, ಚಹಾಕ್ಕೆ, ತರಕಾರಿ ತೊಳೆಯಲು ಎಲ್ಲ ಸೇರಿ ತಲೆಗೆ ಹತ್ತು ಲೀಟರ್ ಹಿಡಿಯಿರಿ. ಐವತ್ತು ಲೀಟರ್. ಎರಡು ದೊಡ್ಡ ಬಕೆಟ್ಟಿಗಿಂತ ಸ್ವಲ್ಪ ಜಾಸ್ತಿ. ಈ ಐವತ್ತು ಲೀಟರಿಗೆ ನಾನು ಬೇರೆಯೇ ದಾರಿ ಮಾಡಿದೆ. ಸುರಂಗದ ನೀರು ಅಡುಗೆಮನೆಗೆ ಮಾತ್ರ. ಬಾವಿಯ ನೀರು ಪಂಪಿನಿಂದ ಮೇಲಿನ ಟಾಂಕಿಗೆ, ಅಲ್ಲಿಂದ ಬಚ್ಚಲಿಗೆ, ಕಕ್ಕಸಿಗೆ, ತೊಳೆಯುವ ಕಲ್ಲಿಗೆ. ಹೀಗೆ ಬೇರೆ ಮಾಡಿದರೆ ಜೋಪಾನ ಮಾಡಬೇಕಾದ ಪೈಪಿನ ಉದ್ದವೇ ಕಡಿಮೆಯಾಗುತ್ತದೆ. ಮನೆಯೊಳಗೆ ನಮಗೆ ಬೇಕಾದದ್ದು ಹನ್ನೊಂದು ಮೀಟರ್ ಪೈಪು, ಒಂದೇ ನಳ್ಳಿ.

ಬೇಸಗೆಯಲ್ಲಿ ಸುರಂಗದಲ್ಲಿ ನೀರೇ ಇರುವುದಿಲ್ಲ, ಅದನ್ನು ನಂಬಲಿಕ್ಕೆ ಆಗುತ್ತದಾ ಎಂದು ಕೇಳುವವರಿದ್ದಾರೆ. ಬಕೆಟ್ ಹಿಡಿದು ಅಳೆಯಿರಿ. ನಮ್ಮ ಸುರಂಗ 40 ಕೋಲು ಉದ್ದ, ಅಂದರೆ ನೂರು ಅಡಿಯ ಹತ್ತಿರ. ನನ್ನ ಗಂಡನ ಅಜ್ಜನ ಕಾಲದ್ದು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ, ಎತ್ತರ. ಸೀಮೆಎಣ್ಣೆ ದೀಪ ಇಟ್ಟುಕೊಂಡು, ಪಿಕಾಸಿಯಿಂದ ಮುರಕಲ್ಲು ಕಡಿದು, ಅಡಿಕೆ ಹಾಳೆಯಲ್ಲಿ ಮಣ್ಣು ಎಳೆದು ಮಾಡಿದ್ದು. ಜುಲೈಯಲ್ಲಿ ಅದರ ಬಾಯಿಯಲ್ಲಿ ಹತ್ತು ಲೀಟರಿನ ಬಕೆಟ್ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತುಂಬುತ್ತದೆ. ಮೇ ತಿಂಗಳ ಮೊದಲ ವಾರ ನಾನು ಗಡಿಯಾರ ಹಿಡಿದು ಕೂತೆ. ಐದು ನಿಮಿಷ ಬೇಕಾಯಿತು. ನೂಲಿನಷ್ಟು ನೀರು. ನೋಡಿದರೆ ಅಳು ಬರುತ್ತದೆ. ಆದರೆ ಲೆಕ್ಕ ಮಾಡಿ: ನಿಮಿಷಕ್ಕೆ ಎರಡು ಲೀಟರ್, ಗಂಟೆಗೆ 120, ದಿನಕ್ಕೆ 2880 ಲೀಟರ್. ನನಗೆ ಬೇಕಾದದ್ದು 50. ರಾತ್ರಿ ಸುಮ್ನೆ ಹರಿದು ಹೋಗುವುದನ್ನು ಒಂದು ಟಾಂಕಿಯಲ್ಲಿ ಹಿಡಿದರೆ ಸಾಕು. ನೀರು ಕಡಿಮೆ ಎಂದು ಕೊಳವೆಬಾವಿ ಕೊರೆಸುವ ಮೊದಲು ಒಂದು ಬಕೆಟ್, ಒಂದು ಗಡಿಯಾರ ಇಟ್ಟುಕೊಂಡು ಹತ್ತು ನಿಮಿಷ ಕೂತುಕೊಳ್ಳಿ, ದಯವಿಟ್ಟು.

ಇನ್ನು ಎತ್ತರ. ನೀರಿನ ಒತ್ತಡ ಬರುವುದು ಎತ್ತರದಿಂದ, ಟಾಂಕಿಯ ಗಾತ್ರದಿಂದ ಅಲ್ಲ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ ಒತ್ತಡ, ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಒಂದು ಕೆಜಿ. ಐನೂರು ಲೀಟರಿನ ಟಾಂಕಿ ಇದ್ದರೂ ಅಷ್ಟೇ, ಐದು ಸಾವಿರದ್ದಾದರೂ ಅಷ್ಟೇ. ಗುಡ್ಡೆಯ ಎತ್ತರ ಅಳೆಯಲು ದೊಡ್ಡ ಯಂತ್ರ ಬೇಡ. ಮೇಸ್ತ್ರಿಗಳ ಹತ್ತಿರ ಲೆವೆಲ್ ನೋಡುವ ತೆಳ್ಳನೆಯ ಪಾರದರ್ಶಕ ಪೈಪು ಇರುತ್ತದಲ್ಲ, ಅದು ಸಾಕು. ಒಳಗೆ ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಮೇಲೆ ನಿಂತವರು ನೀರಿನ ಗೆರೆ ನೆಲಕ್ಕೆ ಸಮ ಬರುವ ಹಾಗೆ ತುದಿ ಹಿಡಿಯಬೇಕು. ಕೆಳಗೆ ನಿಂತವರು ತಮ್ಮ ಕೋಲಿನಲ್ಲಿ ನೀರು ಎಷ್ಟು ಎತ್ತರದಲ್ಲಿದೆ ಎಂದು ಗುರುತು ಹಾಕಬೇಕು. ಆಮೇಲೆ ಮೇಲಿನವರು ಕೆಳಗಿನವರ ಜಾಗಕ್ಕೆ ಇಳಿಯುವುದು. ಹೀಗೆ ಒಂಬತ್ತು ಸಲ ಇಳಿದು ನಾವು ಅಂಗಳ ಮುಟ್ಟಿದೆವು. ಕೂಡಿಸಿದಾಗ 46 ಅಡಿ, ಅಂದರೆ 14 ಮೀಟರ್. ಪಂಪು ಇಲ್ಲದೆ, ಕರೆಂಟು ಇಲ್ಲದೆ ನೀರು ಬರುತ್ತದೆ ಎಂದು ಕಾಗದವೇ ಹೇಳಿತು.

ನಾವು ಒಂದು ತಪ್ಪು ಮಾಡಿದೆವು. ಅದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಗುಡ್ಡೆಯ ನೀರು ತರುವ ಮನೆಗಳಲ್ಲಿ ಇದು ಬಹಳ ಕಾಣುತ್ತದೆ. ಹಿಂದೆ ಅಡಿಕೆ ಮರವನ್ನು ಸೀಳಿ ದಂಬೆ ಮಾಡಿ ನೀರು ತರುತ್ತಿದ್ದರು. ದಂಬೆ ತೆರೆದದ್ದು, ಒಂದೇ ಸಮ ಇಳಿಜಾರಿನಲ್ಲಿ ಬರಲೇಬೇಕು, ಇಲ್ಲದಿದ್ದರೆ ನೀರು ಹೊರಗೆ ಚೆಲ್ಲುತ್ತದೆ. ಪೈಪು ಬಂದ ಮೇಲೆ ನಾವು ಆ ಜಾಗ್ರತೆ ಬಿಟ್ಟೆವು. ಪೈಪು ಮುಚ್ಚಿದ್ದಲ್ವಾ, ಹೇಗೆ ಬೇಕಾದರೂ ಎಳೆಯಬಹುದು ಎಂದುಕೊಂಡೆವು. ಹತ್ತಿರದ ದಾರಿ ಎಂದು ಒಂದು ದರೆಯ, ಅಂದರೆ ಮಣ್ಣಿನ ದಿಬ್ಬದ, ಮೇಲಿಂದ ದಾಟಿಸಿದೆವು. ದರೆ ಸುರಂಗಕ್ಕಿಂತ ತಗ್ಗಿನಲ್ಲೇ ಇತ್ತು, ಆದರೆ ಅದರ ಹಿಂದಿನ ತೋಡಿಗಿಂತ ಎರಡು ಮೀಟರ್ ಎತ್ತರ. ಮಳೆಗಾಲದಲ್ಲಿ ನೀರು ಬಂತು. ಜನವರಿಯಲ್ಲಿ ನಿಂತಿತು. ಸುರಂಗದ ಬಾಯಿಯಲ್ಲಿ ನೀರಿದೆ, ಮನೆಯಲ್ಲಿಲ್ಲ. ಕಸ ಸಿಕ್ಕಿದೆ ಎಂದು ಪೈಪು ಬಿಚ್ಚಿ ಊದಿದೆವು. ಎರಡು ದಿನ ಬಂತು, ಮತ್ತೆ ನಿಂತಿತು.

ಕಸ ಅಲ್ಲ, ಗಾಳಿ. ನೀರಿನ ಜೊತೆ ಬಂದ ಗಾಳಿ ಪೈಪಿನ ಎತ್ತರದ ಜಾಗದಲ್ಲಿ ಸೇರಿಕೊಳ್ಳುತ್ತದೆ. ನೀರು ಜೋರಾಗಿದ್ದರೆ ಅದನ್ನು ತಳ್ಳಿಕೊಂಡು ಹೋಗುತ್ತದೆ. ನೀರು ಕಡಿಮೆಯಾದಾಗ ತಳ್ಳಲು ಬಲ ಸಾಲದು. ಗಾಳಿಯೇ ಬಿರಡೆಯ ಹಾಗೆ ಕೂತುಬಿಡುತ್ತದೆ. ಇದಕ್ಕೆ ಎರಡು ದಾರಿ. ದರೆಯ ತುದಿಯಲ್ಲಿ ಟೀ ಎಂಬ ಮೂರು ಬಾಯಿಯ ತುಂಡು ಕೂಡಿಸಿ, ಮೇಲ್ಮುಖವಾಗಿ ಸಣ್ಣ ವಾಲ್ವ್ ಇಟ್ಟು, ಆಗಾಗ ತೆರೆದು ಗಾಳಿ ಬಿಡುವುದು. ಇಲ್ಲವೇ ಪೈಪಿನ ದಾರಿಯನ್ನೇ ಬದಲಿಸಿ, ದಂಬೆಯ ಹಾಗೆ ಒಂದೇ ಸಮ ಇಳಿಯುತ್ತ ಬರುವುದು. ನಾವು ಎರಡನೆಯದು ಮಾಡಿದೆವು. ಮೂವತ್ತು ಮೀಟರ್ ಪೈಪು ಜಾಸ್ತಿ ಬೇಕಾಯಿತು. ಒಟ್ಟು 180 ಮೀಟರ್ ಆಯಿತು. ಅಗೆಯುವಾಗ ಅಲ್ಲಲ್ಲಿ ಹಳೇ ದಂಬೆಗೆ ಆಧಾರವಾಗಿ ನೆಟ್ಟ ಕವೆಕಲ್ಲುಗಳು ಸಿಕ್ಕಿದವು. ಅಜ್ಜ ತಂದ ದಾರಿಯೂ ಅದೇ ಆಗಿತ್ತು. ಅದು ನೋಡಿ ನನ್ನ ಗಂಡ ಸ್ವಲ್ಪ ಹೊತ್ತು ಮಾತಾಡದೆ ನಿಂತರು.

ಪೈಪಿನ ಗಾತ್ರದಲ್ಲಿ ಉಳಿತಾಯ ಮಾಡಬೇಡಿ. ಅರ್ಧ ಇಂಚಿನ ಬದಲು ಒಂದು ಇಂಚು ಹಾಕಿದರೆ ಎರಡು ಪಟ್ಟು ನೀರು ಎಂದು ಜನ ಎಣಿಸುತ್ತಾರೆ. ಅಡ್ಡಕೊಯ್ತ ನಾಲ್ಕು ಪಟ್ಟು ಆಗುತ್ತದೆ. ಗೋಡೆಗೆ ಉಜ್ಜುವ ನೀರಿನ ಪಾಲು ಕಡಿಮೆಯಾಗುವುದರಿಂದ ಹರಿವು ಐದಾರು ಪಟ್ಟು ಆಗುತ್ತದೆ. ದೂರದಿಂದ ತರುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಗುಡ್ಡೆಯಿಂದ ಮನೆವರೆಗೆ ನಾವು ಹಾಕಿದ್ದು 32 ಮಿಲಿಮೀಟರಿನ ಕಪ್ಪು ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪಿನ ರೋಲು. ಜಾಯಿಂಟು ಕಡಿಮೆ, ಬಿಸಿಲಿಗೆ ತಡೆಯುತ್ತದೆ, ಬೆಳಕು ಒಳಗೆ ಹೋಗದ ಕಾರಣ ಪಾಚಿ ಬೆಳೆಯುವುದಿಲ್ಲ. ಕೊಳ್ಳುವಾಗ ಐಎಸ್ 4984 ಎಂಬ ಗುರುತು ಪೈಪಿನ ಮೇಲೆ ಇದೆಯಾ ನೋಡಿ. ತೋಟಕ್ಕೆ ನೀರು ಬಿಡುವ ಅಗ್ಗದ ಕಪ್ಪು ಪೈಪು ನೋಡಲಿಕ್ಕೆ ಹಾಗೆಯೇ ಇರುತ್ತದೆ, ಅದು ಬೇಡ. ಒಂದೂವರೆ ಅಡಿ ಆಳದಲ್ಲಿ ಹೂತಿದ್ದೇವೆ. ಮೇಲೆ ಬಿಟ್ಟರೆ ಮುಳ್ಳುಹಂದಿ ಕಡಿಯುತ್ತದೆ, ಮಧ್ಯಾಹ್ನದ ನೀರು ಕೈ ಸುಡುತ್ತದೆ.

ಮನೆಯೊಳಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು. ತಣ್ಣೀರಿಗೆ ಬಿಳಿಯ ಯುಪಿವಿಸಿ ಪೈಪೂ ಸಾಕು. ನಮ್ಮ ಪೈಪು ಹಂಡೆ ಒಲೆಯ ಗೋಡೆಯ ಹಿಂದೆ ಹೋಗಬೇಕಿತ್ತು, ಅದಕ್ಕೇ ಬಿಸಿ ತಡೆಯುವ ಸಿಪಿವಿಸಿ ಆರಿಸಿದೆವು. ಸಿಪಿವಿಸಿಗೆ ಐಎಸ್ 15778, ಯುಪಿವಿಸಿಗೆ ಐಎಸ್ 4985. ಗುರುತು ಇಲ್ಲದ ಪಿವಿಸಿಯಲ್ಲಿ, ಪೈಪು ಮಾಡುವಾಗ ಬಿಸಿಗೆ ಪ್ಲಾಸ್ಟಿಕ್ ಕೆಡದಿರಲಿ ಎಂದು ಸೀಸ ಬೆರೆಸಿರುವ ಭಯ ಇರುತ್ತದೆ. ಸೀಸ ಮಕ್ಕಳ ಮೆದುಳಿಗೆ ವಿಷ. ಪೈಪಿನಲ್ಲಿ ಸೀಸ ಬಳಸುವುದನ್ನು ತಡೆಯಲು ಕೇಂದ್ರ ಸರಕಾರ 2021ರಲ್ಲಿ ನಿಯಮವನ್ನೇ ತಂದಿದೆ. ಹುಳಿ ನೀರು ಇರುವ ನಮಗೆ ಇದರಲ್ಲಿ ಜಾಸ್ತಿ ಜಾಗ್ರತೆ ಬೇಕು.

ಇನ್ನೊಂದು ಸಂಗತಿ, ಅಂಗಡಿಗೆ ಎರಡು ಸಲ ಓಡುವುದನ್ನು ತಪ್ಪಿಸಲು. ಮುಕ್ಕಾಲು ಇಂಚು ಎಂದರೆ ಎಲ್ಲ ಪೈಪಿಗೂ ಒಂದೇ ಅಳತೆ ಅಲ್ಲ. ಸಿಪಿವಿಸಿಯ ಮುಕ್ಕಾಲು ಇಂಚಿಗೆ ಹೊರ ಅಳತೆ 22.2 ಮಿಲಿಮೀಟರ್. ಯುಪಿವಿಸಿಯಲ್ಲಿ ಅದೇ ಮುಕ್ಕಾಲು ದಪ್ಪ ಇರುತ್ತದೆ. ಒಂದರ ಎಲ್ಬೋ, ಅಂದರೆ ಪೈಪನ್ನು ಮೂಲೆಯಲ್ಲಿ ತಿರುಗಿಸುವ ತುಂಡು, ಇನ್ನೊಂದಕ್ಕೆ ಕೂರುವುದಿಲ್ಲ. ಎರಡನ್ನು ಸೇರಿಸಬೇಕಾದರೆ ಮಧ್ಯೆ ಮರೆ (ತಿರುಪಿನ ಗೆರೆ) ಇರುವ ಅಡಾಪ್ಟರ್ ಬೇಕು, ಎಂಟಿಎ, ಎಫ್‌ಟಿಎ ಎಂದು ಅಂಗಡಿಯಲ್ಲಿ ಕೇಳುತ್ತಾರಲ್ಲ, ಅದು. ಪೈಪಿನ ಹಾಗೆ ಅಂಟೂ ಬೇರೆ ಬೇರೆ. ನಮಗೆ ಇದು ಗೊತ್ತಾದದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಈಗ ಇಲ್ಲಿ ಒಂದು ಜಾಯಿಂಟು ಮಾಡಿ ತೋರಿಸುತ್ತೇನೆ. ಮುಂದೆ ಬನ್ನಿ, ಮಕ್ಕಳು ಮೊದಲು. ಗಾಳಿ ಆಡುವ ಜಾಗದಲ್ಲೇ ಮಾಡಬೇಕು, ಈ ಅಂಟಿನ ವಾಸನೆ ಒಳ್ಳೆಯದಲ್ಲ. ಪೈಪನ್ನು ನೇರವಾಗಿ ಕತ್ತರಿಸಬೇಕು. ಹ್ಯಾಕ್ಸಾ ಬ್ಲೇಡು ಓರೆ ಹೋಗದ ಹಾಗೆ ಕಾಗದದ ಪಟ್ಟಿಯನ್ನು ಪೈಪಿಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಅದರ ಗುಂಟ ಕೊಯ್ಯಿರಿ. ಒಳಗಿನ ಸಿಬಿರು, ಹೊರಗಿನ ಸಿಬಿರು ಎರಡನ್ನೂ ಚಾಕುವಿನಿಂದ ತೆಗೆಯಿರಿ. ಸಿಬಿರು ಉಳಿದರೆ ಅದು ಅಂಟನ್ನು ಒರೆಸಿಕೊಂಡು ಒಳಗೆ ಹೋಗುತ್ತದೆ. ಈಗ ಅಂಟಿಲ್ಲದೆ ಎಲ್ಬೋವಿನೊಳಗೆ ತೂರಿಸಿ ನೋಡಿ. ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ಬಿಗಿಯಾಗಬೇಕು. ಸಡಿಲವಾಗಿ ತಳದವರೆಗೆ ಬಿದ್ದರೆ ಆ ಎಲ್ಬೋ ಬಿಟ್ಟುಬಿಡಿ. ಎಷ್ಟು ಆಳ ಹೋಗಬೇಕೋ ಅಲ್ಲಿ ಪೆನ್ಸಿಲಿನ ಗುರುತು. ಒಣ ಬಟ್ಟೆಯಿಂದ ಒರೆಸಿ. ಪೈಪಿಗೆ ಅಂಟು ಧಾರಾಳ, ಎಲ್ಬೋವಿನೊಳಗೆ ತೆಳ್ಳಗೆ. ತಡಮಾಡದೆ ತೂರಿಸಿ, ತೂರಿಸುವಾಗಲೇ ಕಾಲು ಸುತ್ತು ತಿರುಗಿಸಿ, ಮೂವತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಅದು ಮೆಲ್ಲಗೆ ಹಿಂದೆ ಜಾರುತ್ತದೆ, ನೀವು ನೋಡುತ್ತಿದ್ದರೆ ಕಾಣುತ್ತದೆ. ಬಾಯಿಯ ಸುತ್ತ ಅಂಟಿನ ಸಣ್ಣ ಉಂಗುರ ಒಂದೇ ಸಮ ಬಂದಿದೆಯಾ? ಹಾಗಿದ್ದರೆ ಒಳಗೂ ಎಲ್ಲ ಕಡೆ ತಾಗಿದೆ. ಇದು ಸುಮ್ನೆ ಹಚ್ಚಿದ ಗೋಂದಿನ ಹಾಗಲ್ಲ. ಅಂಟು ಎರಡೂ ಪ್ಲಾಸ್ಟಿಕ್ಕಿನ ಮೈಯನ್ನು ಕರಗಿಸಿ ಒಂದು ಮಾಡುತ್ತದೆ. ಒಮ್ಮೆ ಕೂತರೆ ಬಿಚ್ಚಲಿಕ್ಕಿಲ್ಲ, ಕತ್ತರಿಸಲಿಕ್ಕೆ ಮಾತ್ರ. ಒದ್ದೆ ಪೈಪಿಗೆ ಹಿಡಿಯುವುದೂ ಇಲ್ಲ. ನಮ್ಮ ಜೂನ್, ಜುಲೈಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ.

ನಳ್ಳಿ ಕೂರುವ ಜಾಗಕ್ಕೆ ಒಳಗೆ ಹಿತ್ತಾಳೆ ಇರುವ ಎಲ್ಬೋ ಹಾಕಿ. ಮರೆಗೆ ಟೆಫ್ಲಾನ್ ಟೇಪು ಸಾಕು, ತಿರುಗಿಸುವ ದಿಕ್ಕಿನಲ್ಲೇ ಸುತ್ತಬೇಕು. ಹಳಬರು ನಾರಿಗೆ ಬಿಳಿ ಬಣ್ಣದ ಪೇಸ್ಟು ಹಚ್ಚಿ ಸುತ್ತುತ್ತಿದ್ದರು. ಕುಡಿಯುವ ನೀರಿಗೆ ಅದು ಬೇಡ.

ಟಾಂಕಿಯ ವಿಷಯ. ಅಡುಗೆಮನೆಯ ಹಿಂದೆ ಮುರಕಲ್ಲಿನ ಕಟ್ಟೆ ಕಟ್ಟಿ 500 ಲೀಟರಿನ ಟಾಂಕಿ ಇಟ್ಟೆವು. ನಳ್ಳಿಗಿಂತ ಎರಡೂವರೆ ಮೀಟರ್ ಎತ್ತರ, ಕಾಲು ಕೆಜಿ ಒತ್ತಡ. ಕೊಡಪಾನ ತುಂಬಿಸಲು ಅದು ಧಾರಾಳ. ನೀರು ಹೊರಡುವ ತೂತು ತಳದಿಂದ ನಾಲ್ಕು ಬೆರಳು ಮೇಲೆ, ಮಣ್ಣು ಅಡಿಯಲ್ಲೇ ನಿಲ್ಲಲಿ ಎಂದು. ಆ ಮಣ್ಣನ್ನು ಹೊರಗೆ ಬಿಡಲು ತಳದಲ್ಲಿ ಬೇರೆ ವಾಲ್ವ್. ತುಂಬಿ ಹರಿಯುವ ಪೈಪಿಗೆ ಸೊಳ್ಳೆ ಬಲೆ. ಒಳಬರುವ ಪೈಪಿನ ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆ ಇರಬೇಕು, ಮುಳುಗಬಾರದು. ಮುಳುಗಿದರೆ ಆಚೆ ಪೈಪು ಖಾಲಿಯಾದಾಗ ಟಾಂಕಿಯ ನೀರನ್ನು ಹಿಂದಕ್ಕೆ ಎಳೆದುಬಿಡುತ್ತದೆ. ಫ್ಲೋಟ್ ವಾಲ್ವ್ ಹಾಕಲಿಲ್ಲ. ನೀರು ಸದಾ ಬರುತ್ತಿರಲಿ, ಜಾಸ್ತಿಯಾದದ್ದು ಬಾಳೆಯ ಬುಡಕ್ಕೆ ಹೋಗಲಿ. ಹರಿಯುವ ನೀರು ಹಳಸುವುದಿಲ್ಲ.

ಬೇಸಗೆಗೆ ಬೇಕಾದೀತು ಎಂದು ಬಾವಿಯ ಪಂಪಿನ ಪೈಪಿಗೂ ಸುರಂಗದ ಪೈಪಿಗೂ ಒಂದು ಟೀ ಹಾಕಿ ಮಧ್ಯೆ ವಾಲ್ವ್ ಇಡುವ ಯೋಚನೆ ನಮಗೂ ಬಂದಿತ್ತು. ನನ್ನ ಕಾಗದದ ಮೇಲೆ ಆ ಗೆರೆ ಎಳೆದೂ ಆಗಿತ್ತು. ಆಮೇಲೆ ಯೋಚಿಸಿದೆ: ಒಂದು ದಿನ ಯಾರಾದರೂ ಆ ವಾಲ್ವ್ ಮುಚ್ಚಲು ಮರೆತರೆ? ಮಳೆಗಾಲದ ಕೆಂಪು ಬಾವಿನೀರು ಪಂಪಿನ ಬಲದಿಂದ ಅಡುಗೆಮನೆಗೆ ನುಗ್ಗುತ್ತದೆ. ಗೆರೆ ಅಳಿಸಿದೆ. ಬಾವಿನೀರು ಬೇಕೆಂದ ದಿನ ಟಾಂಕಿಯ ಬಾಯಿಗೆ ಮೇಲಿನಿಂದ ಪೈಪು ಹಿಡಿದು ಬಿಟ್ಟುಕೊಂಡರೆ ಆಯಿತು. ಎರಡು ನೀರುಗಳ ನಡುವೆ ಗಾಳಿಯ ಅಂತರ ಇರಲಿ. ಎಷ್ಟು ಒಳ್ಳೆಯ ವಾಲ್ವ್ ಆದರೂ ಅದರ ಬದಲಿಗೆ ಬರುವುದಿಲ್ಲ.

ಗೋಡೆ ಸಾರಣೆ ಮಾಡುವ ಮೊದಲು ಒತ್ತಡ ಕೊಟ್ಟು ನೋಡಲೇಬೇಕು. ಕೈಯಿಂದ ಒತ್ತುವ ಟೆಸ್ಟಿಂಗ್ ಪಂಪು ಬಾಡಿಗೆಗೆ ತಂದೆವು. ಅಂಟಿಸಿ 24 ಗಂಟೆ ಬಿಟ್ಟು, ಪೈಪು ತುಂಬ ನೀರು ತುಂಬಿಸಿ, ಗಾಳಿ ಬಿಟ್ಟು, ಮೆಲ್ಲಗೆ ಒತ್ತಿದೆವು. ಒಂದು ಕೆಜಿ, ಎರಡು ಕೆಜಿ. ಮೂರು ದಾಟುವಾಗ ಸಿಂಕಿನ ಮೂಲೆಯ ಎಲ್ಬೋ ಟಪ್ ಅಂತ ಕಳಚಿ ಬಿತ್ತು. ಕೈಗೆತ್ತಿಕೊಂಡು ನೋಡಿದರೆ ಒಳಗೆ ಅಂಟು ಸಿಪ್ಪೆಯ ಹಾಗೆ ಏಳುತ್ತಿತ್ತು. ಸಿಪಿವಿಸಿ ಡಬ್ಬಿ ಮುಗಿದಿತ್ತು ಎಂದು ಆ ಹುಡುಗ ಹೊಸ ಡಬ್ಬಿ ತಂದಿದ್ದ. ಅಂಗಡಿಯವರು ಕೊಟ್ಟದ್ದು ಸಾದಾ ಪಿವಿಸಿಯ ಅಂಟು. ಡಬ್ಬಿಯ ಮೇಲಿನ ಅಕ್ಷರ ನಾವು ಯಾರೂ ಓದಿರಲಿಲ್ಲ. ಆ ಡಬ್ಬಿಯಿಂದ ಮಾಡಿದ ಐದು ಜಾಯಿಂಟನ್ನೂ ಕತ್ತರಿಸಿ ಹೊಸದಾಗಿ ಮಾಡಿದೆವು. ಎರಡನೇ ಸಲ ಐದು ಕೆಜಿಗೆ ಏರಿಸಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ಮುಳ್ಳು ಅಲ್ಲೇ ಇತ್ತು. ಕಾಲು ಕೆಜಿಯ ನೀರಿಗೆ ಐದು ಕೆಜಿಯ ಪರೀಕ್ಷೆ ಯಾಕೆ ಎಂದು ಕೇಳಬೇಡಿ. ಕಾಲು ಕೆಜಿಯಲ್ಲಿ ಕೆಟ್ಟ ಜಾಯಿಂಟು ಆರು ತಿಂಗಳು ಸುಳ್ಳು ಹೇಳುತ್ತದೆ, ಗೋಡೆಯೊಳಗೆ ಮೆಲ್ಲಗೆ ಜಿನುಗುತ್ತದೆ.

ಸಾರಣೆಗೆ ಮೊದಲು ಟೇಪು ಹಿಡಿದು ಫೋಟೋ ತೆಗೆದಿಡಿ. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವವರಿಗೆ ಬೇಕಾಗುತ್ತದೆ.

ಕೊನೆಗೆ ಪೈಪು ತೊಳೆಯುವುದು. 500 ಲೀಟರಿಗೆ 75 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ಕೆಳಗೆ ನಿಂತ ಮೇಲೆ ತಿಳಿನೀರನ್ನು ಮಾತ್ರ ಟಾಂಕಿಗೆ ಹಾಕಿದೆವು. ನಳ್ಳಿಯಲ್ಲಿ ವಾಸನೆ ಬರುವವರೆಗೆ ಬಿಟ್ಟು, ಮುಚ್ಚಿ, ಒಂದು ಹಗಲು ಒಂದು ರಾತ್ರಿ ಇಟ್ಟೆವು. ನಳ್ಳಿಗೆ ಕೆಂಪು ಬಟ್ಟೆ ಕಟ್ಟಿದ್ದೆವು, ಮೊಮ್ಮಗ ತಿರುಗಿಸಬಾರದಲ್ಲ. ಮರುದಿನ ಎಲ್ಲ ಹೊರಗೆ ಬಿಟ್ಟು, ವಾಸನೆ ಹೋಗುವವರೆಗೆ ತೊಳೆದೆವು. ಇದು ಹೊಸ ಪೈಪಿಗೆ ಒಮ್ಮೆ ಮಾಡುವ ಕೆಲಸ. ಕುಡಿಯುವ ಬಾವಿಗೆ ಹಾಕುವ ಪ್ರಮಾಣ ಬೇರೆ, 1000 ಲೀಟರಿಗೆ ಎರಡೂವರೆ ಗ್ರಾಂ ಮಾತ್ರ. ಎರಡನ್ನೂ ಕಲಸಿಕೊಳ್ಳಬೇಡಿ. ವಾರ ಬಿಟ್ಟು ನೀರನ್ನು ಮತ್ತೆ ಲ್ಯಾಬಿಗೆ ಕೊಟ್ಟೆವು. 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ಇಲ್ಲ ಎಂದು ಬಂದ ಮೇಲೆಯೇ ಕುಡಿದದ್ದು.

ಒಂದು ಎಚ್ಚರಿಕೆ ಜೀವಕ್ಕೆ ಸಂಬಂಧಪಟ್ಟದ್ದು. ಹಳೇ ಮನೆಗಳಲ್ಲಿ ಅರ್ತಿಂಗ್ ವಯರನ್ನು ಜಿಐ ಪೈಪಿಗೆ ಕಟ್ಟಿರುವುದುಂಟು. ನೀವು ಆ ಪೈಪು ತೆಗೆದು ಪ್ಲಾಸ್ಟಿಕ್ ಹಾಕಿದ ಕೂಡಲೇ ಅರ್ತಿಂಗ್ ಹೋಯಿತು. ಮನೆಯಲ್ಲಿ ಗೀಸರ್ ಇದ್ದರೆ, ಗ್ರೈಂಡರ್ ಇದ್ದರೆ ಅದು ಮರಣಕ್ಕೆ ದಾರಿ. ಕಬ್ಬಿಣದ ಪೈಪಿಗೆ ಗರಗಸ ಹಾಕುವ ಮೊದಲು ಎಲೆಕ್ಟ್ರಿಷಿಯನ್ ಕರೆದು ತೋರಿಸಿ. ಇದನ್ನು ಮಾತ್ರ ನಾವೇ ಮಾಡುತ್ತೇವೆ ಎನ್ನಬೇಡಿ. ಹಾಗೆಯೇ ಜಲ ಪ್ರಾಧಿಕಾರದ ನಳ್ಳಿ ಇರುವವರು ಮೀಟರಿನ ಆಚೆಗೆ ಕೈ ಹಾಕಬಾರದು, ಆ ಪೈಪಿಗೆ ನೇರವಾಗಿ ಪಂಪು ಕೂಡಿಸಲೂಬಾರದು. ಎಲ್ಲಾದರೂ ಪೈಪು ಒಡೆದಿದ್ದರೆ ಪಂಪು ಚರಂಡಿಯ ನೀರನ್ನೂ ಎಳೆಯುತ್ತದೆ, ನಿಮ್ಮ ಮನೆಗೂ ನೆರೆಮನೆಗೂ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ತಾಮ್ರದ ಪೈಪು ಹಾಕಬಹುದಾ ಎಂದು ಒಬ್ಬರು ಕೇಳಿದರು. ನಮ್ಮ ಹುಳಿ ನೀರು ತಾಮ್ರವನ್ನೂ ತಿನ್ನುತ್ತದೆ, ಸಿಂಕಿನಲ್ಲಿ ಹಸಿರು ಕಲೆ ಬೀಳುತ್ತದೆ, ಬೇಡ ಎಂದೆ. ಫಿಲ್ಟರ್ ಇದ್ದರೆ ಇಷ್ಟೆಲ್ಲ ಬೇಕಾ ಎಂದು ಇನ್ನೊಬ್ಬರು. ಮೇಜಿನ ಮೇಲಿದ್ದ ಆ ಕಬ್ಬಿಣದ ತುಂಡನ್ನು ಅವರ ಕೈಗೆ ಕೊಟ್ಟು, ಇದರ ತುದಿಗೆ ಎಷ್ಟು ಒಳ್ಳೆಯ ಫಿಲ್ಟರ್ ಹಾಕಿದರೂ ಎಷ್ಟು ದಿನ ಬರುತ್ತದೆ ಹೇಳಿ ಎಂದು ಕೇಳಿದೆ.

ಎಲ್ಲರೂ ಎದ್ದ ಮೇಲೆ ಒಬ್ಬ ಹುಡುಗ ಬಂದ. ಹೊಸ ಮನೆ ಕಟ್ಟುತ್ತಿದ್ದಾನಂತೆ. ಆಮಂತ್ರಣ ಪತ್ರದ ಹಿಂದೆ ಮನೆಯ ನಕ್ಷೆ ಬರೆದಿದ್ದ. ಬಾವಿ, ಟಾಂಕಿ, ಅಡುಗೆಮನೆ ಎಲ್ಲ ಚಂದಕ್ಕೆ ಬರೆದಿದ್ದ. ಕಕ್ಕಸಿನ ಗುಂಡಿ ಎಲ್ಲಿ ಎಂದು ಕೇಳಿದೆ. ಅದನ್ನು ಬರೆದಿರಲಿಲ್ಲ. ತಡವರಿಸಿ ಒಂದು ವೃತ್ತ ಹಾಕಿದ. ಬಾವಿಗೂ ಅದಕ್ಕೂ ಎಷ್ಟು ದೂರ? ಎಂಟು ಹೆಜ್ಜೆ ಇರಬಹುದು ಟೀಚರ್ ಎಂದ. ಜಗಲಿಯಲ್ಲಿ ಅವನನ್ನೇ ಎಂಟು ಹೆಜ್ಜೆ ನಡೆಸಿ ಟೇಪು ಹಿಡಿದೆ. ಆರು ಮೀಟರ್ ಆಯಿತು. ಕೇರಳದ ಕಟ್ಟಡ ನಿಯಮದಲ್ಲಿ ಏಳೂವರೆ ಮೀಟರ್ ಬೇಕು. ನಮ್ಮ ಮುರಕಲ್ಲು ತೂತು ತೂತಿನದ್ದು, ನನ್ನ ಕೇಳಿದರೆ ಅದೂ ಸಾಲದು. ಗುಂಡಿ ಇನ್ನೂ ತೆಗೆದಿಲ್ಲವಂತೆ, ಪುಣ್ಯಕ್ಕೆ. ಅಡುಗೆಮನೆಯ ಪೈಪಿನ ಗೆರೆಯೂ ಆ ವೃತ್ತಕ್ಕೆ ತಾಗಿಕೊಂಡೇ ಹೋಗಿತ್ತು. ನಾನು ಚೀಲದಿಂದ ರಬ್ಬರ್ ತೆಗೆದು ಕೊಟ್ಟೆ. ಅವನು ವೃತ್ತವನ್ನು ಅಳಿಸಿ ಮನೆಯ ಕೆಳಬದಿಗೆ, ಕೊಟ್ಟಿಗೆಯ ಆಚೆ ಬರೆದ. ಪೈಪಿನ ಗೆರೆಯನ್ನು ತೆಂಗಿನ ಮರದ ಈಚೆಯಿಂದ ಎಳೆಯತೊಡಗಿದ.